ಗೋಡೆಗೆ ಆನಿಸಿದ ಅತ್ತೆ

ದಾಂಡೇಲಿಯ ಆ ಸಣ್ಣ ಆಸ್ಪತ್ರೆಗೆ ನರ್ಸಾಗಿ ಬಂದಾಗ ನನ್ನ ನಾಲಿಗೆ ನನ್ನ ಸೂಜಿಗಿಂತ ಚೂಪಾಗಿತ್ತು. ಕುಮಟಾ ಕಡೆಯವಳು ನಾನು. ಘಟ್ಟದ ಮೇಲಿನವರ ರೀತಿ ರಿವಾಜು ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅರವತ್ತರ ದಶಕದ ಶುರುವಿನ ಒಂದು ಚಳಿಗಾಲ. ಕಾಗದದ ಕಾರ್ಖಾನೆಯ ಕೆಲಸಗಾರನೊಬ್ಬ ತನ್ನ ತಾಯಿಯನ್ನು ಹೊತ್ತು ತಂದ, ಹಿಂದೆಯೇ ಅವನ ಹೆಂಡತಿ ಬಂದಳು. ಮುಂಡಗೋಡದ ಪಾಳಾ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಮುದುಕಿ. ನ್ಯುಮೋನಿಯಾ ಆಗಿತ್ತು. ಮೈ ಕಾದ ಹಂಚು. ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಡಾಕ್ಟರು ಪೆನ್ಸಿಲಿನ್ ಬರೆದು, ಮಲಗಿಸಬೇಡಿ, ಕೂರಿಸಿಯೇ ಇರಿ, ಉಸಿರು ನಿಂತರೆ ಔಷಧ ಯಾರಿಗೆ ನಾಟಬೇಕು ಎಂದು ಹೇಳಿ ಹೋದರು.

ಮಂಚವನ್ನು ಗೋಡೆಗೆ ಸರಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಏದುಸಿರು ತುಸು ತಗ್ಗಿತು. ಇನ್ನೊಬ್ಬ ರೋಗಿಯನ್ನು ನೋಡಿ ಬರುವಷ್ಟರಲ್ಲಿ ಸೊಸೆ ಮುದುಕಿಯನ್ನು ಅಂಗಾತ ಮಲಗಿಸಿದ್ದಳು, ತುಟಿ ನೀಲಿಗಟ್ಟಿತ್ತು. ಮತ್ತೆ ಕೂರಿಸಿದೆ. ಮತ್ತೆ ಮಲಗಿಸಿದಳು. ಮೂರನೆಯ ಸಲ ನನ್ನ ಪಿತ್ತ ನೆತ್ತಿಗೇರಿತು.

"ಅತ್ತೆ ಬದುಕೋದು ಬೇಡವೇನು ನಿನಗೆ?" ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ.

ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ನಮ್ಮೊಳಗ ಸತ್ತವರನ್ನ ಹಿಂಗ ಗ್ವಾಡಿಗೆ ಆನಿಸಿ ಕುಂಡ್ರಸ್ತಾರ್ರೀ ಬಾಯಾರ. ಜೀವ ಇದ್ದಾಕೀನ್ನ ಹೆಂಗ ಕುಂಡ್ರಸಲಿ? ಕಣ್ಣೀಲೆ ನೋಡಾಕ ಆಗವಲ್ದು."

ಲಿಂಗವಂತರು ಹೆಣವನ್ನು ಕೂರಿಸಿ ಪೂಜಿಸಿ, ಕೂರಿಸಿಯೇ ಮಣ್ಣು ಮಾಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಗೋಡೆ ಬೇಡ ತಂಗಿ," ಎಂದೆ. "ನೀನೇ ಹಿಂದೆ ಕೂತು ಎದೆಗೆ ಆನಿಸಿಕೋ."

ಅವಳು ಮಂಚ ಹತ್ತಿ ಅತ್ತೆಯನ್ನು ಎದೆಗೊರಗಿಸಿಕೊಂಡು ಕೂತಳು. ನಾನು ಹೊತ್ತು ಹೊತ್ತಿಗೆ ಸೂಜಿ ಕೊಟ್ಟೆ, ಚಮಚದಲ್ಲಿ ಗಂಜಿನೀರು ಹಾಕಿದೆ, ಕೆಮ್ಮು ಬಂದಾಗ ನೋವಿನ ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದೆ. ನಾನು ಒಂದಿಷ್ಟು ಹೊತ್ತು ಕೂರುತ್ತೇನೆಂದರೂ ಸೊಸೆ ಬಿಡಲೊಲ್ಲಳು. ಎರಡು ದಿನ ಚಹಾದ ಮೇಲೆಯೇ ಇದ್ದಳು. ಗಂಡ ತಂದ ರೊಟ್ಟಿ ಬುತ್ತಿಯಲ್ಲೇ ಒಣಗಿತು. ನನಗಂತೂ ಅವಳ ಮುಖ ನೋಡಿದಾಗಲೆಲ್ಲ ನಾನಾಡಿದ ಮಾತು ಚುಚ್ಚುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಮುದುಕಿಯ ಮೈ ಬೆವರಿ ಜ್ವರ ಇಳಿಯಿತು. ಕಣ್ಣು ಬಿಟ್ಟವಳು ಬೆನ್ನ ಹಿಂದೆ ತೂಕಡಿಸುತ್ತಿದ್ದ ಸೊಸೆಯ ಕೈ ಸವರಿದಳು.

"ಎದ್ದು ಒಂದ್ ತುತ್ತು ಉಣ್ಣು ಹೋಗವ್ವ," ಎಂದಳು. "ಅಲ್ಲೀತನಾ ನಾ ಗ್ವಾಡಿಗೆ ಕುಂಡರ್ತೇನಿ."