ಸತ್ತವನನ್ನು ನಾನು ಬದುಕಿಸಿದ ಶನಿವಾರ

ಆ ಅಮೆರಿಕದ ನಟನ ಚಿತ್ರಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಹಳಬರು ಕೂತರೆ ಈಗಲೂ ವಾದ ಏಳುತ್ತದೆ. ಹಡಗಿನ ಕಪ್ತಾನನಾಗಿ ಬಂದದ್ದೇ ಮೇಲು ಎನ್ನುವವರು ಹೆಚ್ಚು. ಅದರಲ್ಲಿ ಅವನು ಹಗ್ಗ ಹಿಡಿದು ಉರಿಯುವ ಹಡಗಿನಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದ. ಊರಿಗೆ ಕಾಲರಾ ಬಂದಾಗ ಓಡಿಹೋಗದೆ ಉಳಿದ ಡಾಕ್ಟರನಾಗಿ ಅವನು ಬಂದ ಚಿತ್ರ ನನಗೆ ಇಷ್ಟ. ಜಿಗಿತ, ಕುದುರೆ, ಕತ್ತಿ ಯಾವುದೂ ಇಲ್ಲ. ಅವನು ಸುಮ್ಮನೆ ಕೈ ತೊಳೆದುಕೊಳ್ಳುತ್ತಾನೆ, ನೋಡುವವರು ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸುತ್ತಾರೆ. ಆದರೆ ಸಿಪಾಯಿಯ ಚಿತ್ರದ ಮಾತು ಬಂದರೆ ನಾನು ಬಾಯಿ ಬಿಡುವುದಿಲ್ಲ. ಅವನ ಚಿತ್ರಗಳಲ್ಲಿ ಅದೇ ಅತ್ಯುತ್ತಮ ಎಂದು ನನಗೆ ಗೊತ್ತು. ಅದನ್ನು ಕೆಡಿಸಿದವನೂ ನಾನೇ.

ಆಗ ನನಗೆ ಇಪ್ಪತ್ನಾಲ್ಕು. ಉದಕಮಂಡಲದ ಕೆಳಗಿನ ದಂಡಿನ ಊರು ವೆಲ್ಲಿಂಗ್ಟನ್ನಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಬಜಾರಿನ ಹಿಂದೆ ತಗಡಿನ ಚಾವಣಿಯ ಒಂದು ಹಾಲ್ ಇತ್ತು. ಸಂಜೆ ಅಲ್ಲಿ ಬಿಳಿ ಸಿಪಾಯಿಗಳಿಗೆ ಚಿತ್ರ ತೋರಿಸುತ್ತಿದ್ದರು, ಶನಿವಾರ ಮಧ್ಯಾಹ್ನ ನಮ್ಮ ಜನಕ್ಕೆ. ಮಾತಿಲ್ಲದ ಚಿತ್ರಗಳು. ನಡುನಡುವೆ ಪರದೆಯ ಮೇಲೆ ಇಂಗ್ಲಿಷ್ ಬರಹ ಬರುತ್ತಿತ್ತು. ಅದನ್ನು ಕೋಲು ಹಿಡಿದು ಪರದೆಯ ಪಕ್ಕ ನಿಂತು ಬೆಟ್ಟದ ಬಡಗರ ಮಾತಿನಲ್ಲೂ ತಮಿಳಿನಲ್ಲೂ ಕೂಗಿ ಹೇಳುವುದು ನನ್ನ ಕೆಲಸ. ಮನೆಯಲ್ಲಿ ನಮ್ಮದು ಕನ್ನಡವಾದರೂ ಹಟ್ಟಿಗಳ, ಅಂದರೆ ಬಡಗರ ಹಳ್ಳಿಗಳ, ಮಕ್ಕಳ ಜೊತೆ ಆಡಿ ಬೆಳೆದವನಿಗೆ ಬಡಗ ಕಷ್ಟವಿರಲಿಲ್ಲ. ಆ ನಟನಿಗೆ ನಮ್ಮವರು ನಗೆಮೊಗದವನು ಎಂದು ಹೆಸರಿಟ್ಟಿದ್ದರು.

ಡಾಕ್ಟರನ ಚಿತ್ರದ ಕೊನೆಯಲ್ಲಿ ನಗೆಮೊಗದವನು ಸತ್ತಾಗ ಜನ ಎದ್ದು ಕೂಗಾಡಿ ಎರಡು ಬೆಂಚು ಮುರಿದರು. ಮುಂದಿನ ಶನಿವಾರ ಸಿಪಾಯಿಯ ಚಿತ್ರ. ಆಟ ಶುರುವಾಗುವ ಮುಂಚೆ ಹಾಲ್‌ನ ಮಾಲೀಕ ನನ್ನನ್ನು ಕರೆದ. ಯಂತ್ರ ತಿರುಗಿಸುವವನೂ ಅವನೇ.

“ಮೇಷ್ಟ್ರೇ, ಇದರಲ್ಲೂ ಅವನು ಸಾಯ್ತಾನೆ. ಸಾಯಬಾರದು.”

“ಪರದೆ ಮೇಲೆ ಸತ್ತವನನ್ನು ನಾನೇನು ಮಾಡಲಿ?”

“ಓದಿ ಹೇಳೋದು ನೀವು ತಾನೆ? ಈ ಮಧ್ಯಾಹ್ನ ಹಾಲ್‌ನಲ್ಲಿ ಇಂಗ್ಲಿಷ್ ಬರೋದು ನಿಮಗೆ, ನನಗೆ ಮಾತ್ರ.”

ಕಥೆ ಇಷ್ಟು. ಮದುವೆಯಾದ ಹೊಸತರಲ್ಲೇ ಗಂಡ ಯುದ್ಧಕ್ಕೆ ಹೋಗುತ್ತಾನೆ. ಅವನು ಸತ್ತನೆಂದು ಸರ್ಕಾರದ ಕಾಗದ ಬರುತ್ತದೆ. ಹೆಂಡತಿ ನಂಬದೆ ಕಾಯುತ್ತಾಳೆ. ಕೊನೆಗೆ ಒಂದು ದಿನ ಅವಳು ಬಾಗಿಲು ತೆರೆದರೆ ಅವನು ಅಂಗಳ ದಾಟಿ ಬರುತ್ತಿದ್ದಾನೆ. ಹತ್ತಿರ ಬಂದು ನಗುತ್ತಾನೆ. ಆಮೇಲೆ ಬರಹ: ಅದು ಅವಳ ಕಣ್ಣಿಗೆ ಕಟ್ಟಿದ ರೂಪ, ಅವನು ದೂರದ ಮಣ್ಣಿನಲ್ಲಿ ಮಲಗಿದ್ದಾನೆ.

ನಾನು ಕೋಲು ಎತ್ತಿ ಕೂಗಿದೆ: “ಬಂದ! ಸರ್ಕಾರದ ಕಾಗದ ತಪ್ಪು! ಅವನು ಸಾಯಲೇ ಇಲ್ಲ!”

ಚಪ್ಪಾಳೆಗೆ ತಗಡು ಅದುರಿತು. ಹೆಂಗಸರು ಕಣ್ಣೊರೆಸಿಕೊಂಡು ನಗುತ್ತ ಹೊರಗೆ ಹೋದರು. ಮಾಲೀಕ ನನ್ನ ಬೆನ್ನು ತಟ್ಟಿದ. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಪಾಠ ಮಾಡುತ್ತಿದ್ದಾಗ ಶಾಲೆಯ ಬಾಗಿಲಲ್ಲಿ ಒಬ್ಬ ಮುದುಕರು ಬಂದು ನಿಂತರು. ತಲೆಗೆ ಬಿಳಿ ರುಮಾಲು, ಮಂಜಿನಲ್ಲಿ ನೆನೆದ ಕಂಬಳಿ. ಉದಕಮಂಡಲದ ಆಚೆಯ ಇತ್ತಲಾರು ಹಟ್ಟಿಯವರು.

“ಚಿತ್ರದಲ್ಲಿ ಕೂಗಿದ ಮೇಷ್ಟ್ರು ನೀನೇನಪ್ಪಾ?”

ಹೌದೆಂದೆ.

“ಆ ಸಿಪಾಯಿ ಬದುಕಿ ಬಂದದ್ದು ನಿಜವಾ?”

ನಗಬೇಕೆನಿಸಿತು. ಅವರ ಮುಖ ನೋಡಿ ನಗು ಅಲ್ಲೇ ನಿಂತಿತು. ಅವರ ಅಳಿಯ ದೊಡ್ಡ ಯುದ್ಧದಲ್ಲಿ ಸಾಮಾನು ಹೊರುವ ಪಡೆ ಸೇರಿ ಕಡಲಾಚೆಯ ಬಸ್ರಾ ಕಡೆ ಹೋಗಿದ್ದನಂತೆ. ಜ್ವರದಲ್ಲಿ ಸತ್ತನೆಂದು ಕಾಗದ ಬಂದು ಏಳು ವರ್ಷ. ಹೆಣ ಕಾಣಲಿಲ್ಲ, ಹಾಗಾಗಿ ಕ್ರಿಯೆ ಮಾಡಲು ಮಗಳು ಬಿಡಲಿಲ್ಲ. ಈಗ ಅಂತೂ ಇನ್ನೊಂದು ಮದುವೆಗೆ ಒಪ್ಪಿದ್ದಳು. ಗುರುವಾರ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅಷ್ಟರಲ್ಲಿ ವೆಲ್ಲಿಂಗ್ಟನ್ ಹತ್ತಿರದ ಅಕ್ಕನ ಮನೆಗೆ ಬಂದವಳು ಚಿತ್ರ ನೋಡಿದಳು.

“ದೊರೆಗಳ ಹೆಂಡಿರಿಗೇ ತಪ್ಪು ಕಾಗದ ಬರುತ್ತೆ, ನಮಗೆ ಬರಲ್ವಾ ಅಂತಾಳೆ. ಮನೆಗೆ ವಾಪಸ್ಸು ಬಂದಾಗಿನಿಂದ ಬಾಗಿಲಲ್ಲೇ ಕೂತಿದಾಳೆ. ಹೇಳಪ್ಪಾ, ನಿಜವಾ?”

ಇಪ್ಪತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. “ಇಲ್ಲ ಅಯ್ಯಾ. ನಾನು ಸುಳ್ಳು ಹೇಳಿದೆ,” ಎಂದೆ.

ಅವರು ಬೈಯಲಿಲ್ಲ. “ಅದನ್ನ ಅವಳ ಮುಂದೆ ಬಂದು ಹೇಳು,” ಎಂದರು, ಅಷ್ಟೇ.

ಮಂಗಳವಾರ ರಜೆ ಹಾಕಿ ಉದಕಮಂಡಲದವರೆಗೆ ರೈಲಿನಲ್ಲಿ, ಅಲ್ಲಿಂದ ನಡೆದು ಇತ್ತಲಾರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆಲೂಗಡ್ಡೆ ಹೊಲ ದಾಟಿ ಹಟ್ಟಿಯ ಸಾಲುಮನೆಗಳ ಮುಂದೆ ಬಂದಾಗ ಒಂದೂ ನೆನಪಿಗೆ ಬರಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಸುಮಾರು ನನ್ನದೇ ವಯಸ್ಸು, ಒಂದೆರಡು ವರ್ಷ ಹೆಚ್ಚಿರಬಹುದು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೆಂಚು ಮುರಿದದ್ದು, ಮಾಲೀಕನ ಮಾತು, ನಿಜವಾದ ಬರಹ.

ಅವಳು ಹೊಸ್ತಿಲಿನಿಂದ ಏಳಲಿಲ್ಲ. “ಅವತ್ತು ಹೇಳಿದ್ದೂ ನೀವೇ ಅಣ್ಣ. ಇವತ್ತು ಹೇಳೋದೂ ನೀವೇ. ಯಾವುದು ಸುಳ್ಳು ಅಂತ ನಾನು ಹೇಗೆ ತಿಳೀಲಿ? ಇವತ್ತು ನಮ್ಮಪ್ಪ ಹೇಳಿಸಿರಬಹುದು.”

ನಾನು ಹೊರಡಲು ತಿರುಗಿದೆ.

“ಇನ್ನೊಂದು ಸಲ ತೋರಿಸಿ,” ಎಂದಳು.

ಚಿತ್ರದ ಪೆಟ್ಟಿಗೆ ಬುಧವಾರ ಮಧ್ಯಾಹ್ನದ ರೈಲಿಗೆ ಕೆಳಗೆ ಹೋಗಬೇಕಿತ್ತು. ಬೆಳಗಿನ ರೈಲಿಗೇ ಬನ್ನಿ ಎಂದು ಹೇಳಿ ನಾನು ಓಡಿ ಬಂದು ಮಾಲೀಕನನ್ನು ಹಿಡಿದೆ. ಅವನು ಕೆಂಡವಾದ.

“ಒಬ್ಬ ಹೆಂಗಸಿಗೋಸ್ಕರ ಯಂತ್ರ ಹೂಡೋದಾ? ರೀಲು ಹರಿದರೆ ಕಂಪನಿಗೆ ಏನು ಹೇಳಲಿ?”

“ಹಾಗಾದರೆ ಶನಿವಾರ ಪರದೆ ಮುಂದೆ ನಿಂತು ಎಲ್ಲರಿಗೂ ನಿಜ ಹೇಳ್ತೀನಿ. ಹೇಳು ಅಂದವರು ಯಾರು ಅನ್ನೋದನ್ನೂ ಹೇಳ್ತೀನಿ.”

ಅವನ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿದ. “ಕೊನೇ ರೀಲು ಮಾತ್ರ. ಹತ್ತು ಗಂಟೆಗೆ. ತಡವಾದರೆ ಇಲ್ಲ,” ಎಂದ.

ಬುಧವಾರವೂ ರಜೆ ಹಾಕಿ, ಕಿಟಕಿಗಳಿಗೆ ಕಂಬಳಿ ಬಿಗಿದು ಕಾದೆ. ಹತ್ತಾಯಿತು. ಹೊರಗೆ ಎದುರಿನ ಗೋಡೆ ಕಾಣದಷ್ಟು ಮಂಜು. ಹತ್ತೂವರೆಗೆ ಸ್ಟೇಷನ್ನಿಗೆ ಹೋಗುವ ಎತ್ತಿನಗಾಡಿ ಬಂದು ನಿಂತಿತು. ಮಾಲೀಕ ಉಳಿದ ರೀಲುಗಳನ್ನು ಪೆಟ್ಟಿಗೆಗೆ ಹಾಕಿ ಕೊನೆಯದಕ್ಕೆ ಕೈಯಿಟ್ಟ. ನಾನು ಅವನ ಮಣಿಕಟ್ಟು ಹಿಡಿದೆ.

“ಬಿಡಿ ಮೇಷ್ಟ್ರೇ.”

“ಐದು ನಿಮಿಷ.”

“ಐದು ನಿಮಿಷ ಅಂತ ಮೂರು ಸಲ ಅಂದಿರಿ.”

ಅಷ್ಟರಲ್ಲಿ ಬಾಗಿಲು ಸರಿಯಿತು. ಅಪ್ಪ ಮಗಳು ಇಬ್ಬರೂ ಏದುಸಿರು ಬಿಡುತ್ತಿದ್ದರು. ಹಳಿಯ ಮೇಲೆ ಮಣ್ಣು ಜರಿದು ರೈಲು ಅರವಂಕಾಡಿನಲ್ಲೇ ನಿಂತಿತ್ತಂತೆ, ಅಲ್ಲಿಂದ ನಡೆದೇ ಬಂದಿದ್ದರು.

ಅವಳು ಮುಂದಿನ ಬೆಂಚಿನಲ್ಲಿ ಕೂತಳು. ಯಂತ್ರ ಗರಗರ ಎಂದಿತು. ಹೆಂಡತಿ ಬಾಗಿಲು ತೆರೆದಳು. ನಗೆಮೊಗದವನು ಅಂಗಳ ದಾಟಿ ಬಂದ. ಅವನು ನಕ್ಕ ರೀತಿ! ಅಷ್ಟು ಚೆನ್ನಾಗಿ ಅವನು ಬೇರೆ ಯಾವ ಚಿತ್ರದಲ್ಲೂ ನಕ್ಕಿಲ್ಲ. ಬರಹ ಬಂತು. ಈ ಸಲ ನಾನು ಕೂಗಲಿಲ್ಲ, ಒಂದೊಂದೇ ಪದ ಓದಿ ಬಡಗದಲ್ಲಿ ಹೇಳಿದೆ. ದೂರದ ಮಣ್ಣಿನಲ್ಲಿ ಎನ್ನುವುದನ್ನು ಎರಡು ಸಲ ಹೇಳಿದೆ.

ಯಂತ್ರ ನಿಂತಿತು. ಹೊರಗೆ ಗಾಡಿಯವನು ಎತ್ತುಗಳನ್ನು ಬೈಯುತ್ತಿದ್ದ.

“ಅವನ ಮೈಯೊಳಗಿಂದ ಹಿಂದಿನ ಬೇಲಿ ಕಾಣುತ್ತೆ, ಬರೀ ನೆರಳಿನ ಹಾಗೆ,” ಎಂದಳು ಅವಳು. “ಅವತ್ತೇ ಕಂಡಿತ್ತು ಅಣ್ಣ. ನೀವು ಬಂದ ಅಂದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣೇ ಸರಿ ಇಲ್ಲ ಅಂದುಕೊಂಡೆ.”

ನಾನು ತಲೆ ತಗ್ಗಿಸಿದೆ.

ಮುದುಕರು ಮೆಲ್ಲಗೆ ಕೇಳಿದರು: “ಹಾಗಾದರೆ ನಾಳೆ ಅವರು ಬರಬಹುದಾ ಮಗಳೇ?”

“ಬೇಡಪ್ಪಾ. ಅವನು ಸತ್ತ ಅಂತ ಒಪ್ಪಿದೆ. ಅಷ್ಟೇ. ಮೊದಲು ಅವನಿಗೆ ಕ್ರಿಯೆ ಮಾಡೋಣ. ಮದುವೆ ಮಾತು ನಾನು ಹೇಳಿದಾಗ.”

ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ ಮಗಳ ಕೈ ನೋಡಿ ಮುದುಕರು ಕಂಬಳಿ ಎತ್ತಿಕೊಂಡು ಎದ್ದರು. ಗಂಡಿನ ಕಡೆಯವರು ಬೇರೆ ಹಟ್ಟಿಯಿಂದ ಹೆಣ್ಣು ತಂದರು. ಇತ್ತಲಾರಿನಲ್ಲಿ ಹೆಣವಿಲ್ಲದೆಯೇ ಕ್ರಿಯೆ ನಡೆಯಿತು. ನನಗೂ ಹೇಳಿಕಳಿಸಿದ್ದರು. ಹೋಗಿ ಜನರ ಹಿಂದೆ ನಿಂತೆ. ಅಲ್ಲಿ ಅವಳು ಅತ್ತಳು, ಏಳು ವರ್ಷದ್ದನ್ನೂ ಒಟ್ಟಿಗೆ. ಮೂರು ವರ್ಷದ ಮೇಲೆ ಅವಳೇ ಒಪ್ಪಿ ದೂರದ ಕುಂದೆ ಬೆಟ್ಟದ ಕಡೆಯ ಒಬ್ಬನನ್ನು ಮದುವೆಯಾದಳೆಂದು ಮುದುಕರು ಒಮ್ಮೆ ಬಜಾರಿನಲ್ಲಿ ಸಿಕ್ಕಾಗ ಹೇಳಿದರು.

ರೀಲು ತೋರಿಸಿದ ಆ ವಾರದ ಶನಿವಾರವೇ ನಾನು ಪರದೆಯ ಮುಂದೆ ನಿಂತು, ಹೋದ ವಾರ ನಗೆಮೊಗದವನು ಸತ್ತಿದ್ದ, ಬದುಕಿದ ಎಂದದ್ದು ನನ್ನ ಸುಳ್ಳು ಎಂದೆ. ಮಾಲೀಕನ ಹೆಸರು ಎತ್ತಲಿಲ್ಲ, ಮಾತು ಕೊಟ್ಟಿದ್ದೆ. ಕಡಲೆಕಾಯಿ ಸಿಪ್ಪೆ ಮುಖಕ್ಕೆ ಬಂದು ಬಿತ್ತು. ಒಬ್ಬ ಹೆಂಗಸು, “ನಮಗೆ ಯಾಕೆ ಹೇಳಿದೆ?” ಎಂದು ಅಳುತ್ತ ಎದ್ದುಹೋದಳು. ಅವಳ ಮನೆಯಿಂದ ಯುದ್ಧಕ್ಕೆ ಯಾರು ಹೋಗಿದ್ದರೋ ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.