ಅರ್ಧಕ್ಕೆ ನಿಂತ ಪದ

ಕರಾವಳಿಯ ಹೆಮ್ಮಾಡಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಬೆಲ್ಲ ತರಲು ಹೋಗಿದ್ದೆ. ಅಂಗಡಿಯ ಶೀನಣ್ಣ ನನ್ನನ್ನು ನೋಡಿದ್ದು ಅದೇ ಮೊದಲು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಬೆಲ್ಲ ತೂಗುತ್ತಲೇ ಕೇಳಿದ: "ಹ್ವಾಯ್, ನಿನ್ನೆ ಸಂಜಿಗೆ ನಿಮ್ಮಲ್ಲಿ ಪದ್ಯ ಅರ್ಧಕ್ಕೇ ನಿಂತ್ ಹೋಯ್ತಲ್ಲ, ಎಂತ, ಕರೆಂಟ್ ಹೋಯ್ತಾ?"

ಕರೆಂಟ್ ಹೋಗಿರಲಿಲ್ಲ. ಟೇಪು ಸುತ್ತಿಕೊಂಡಿತ್ತು. ಹೌದೆಂದು ತಲೆಯಾಡಿಸಿ ಹೊರಗೆ ಬಂದು ತಿರುಗಿ ನೋಡಿದೆ. ಅಲ್ಲಿಂದ ನಮ್ಮ ಬಿಡಾರ ಕಾಣುತ್ತಿರಲಿಲ್ಲ. ಒಂದು ಗದ್ದೆ ಬಯಲು, ನೀರು ಹರಿಯುವ ಒಂದು ತೋಡು, ಆಮೇಲೆ ರಸ್ತೆಯ ತಿರುವು. ನಾನು ಬಂದ ದಾರಿಯಲ್ಲಿ ಒಬ್ಬ ಮನುಷ್ಯನೂ ಎದುರಾಗಿರಲಿಲ್ಲ. ಆದರೂ ನಮ್ಮ ಮನೆಯ ಹಾಡು ಎಲ್ಲಿ ನಿಂತಿತೆಂದು ಈ ಮನುಷ್ಯನಿಗೆ ಗೊತ್ತಿತ್ತು.

ನಾನು ಮುಂಡರಗಿ ಕಡೆಯ ಕರಿಮಣ್ಣಿನ ಊರಿನವನು. ನಮ್ಮಲ್ಲಿ ಎರಡು ಮನೆಗೆ ಗೋಡೆ ಒಂದೇ. ಆಚೆಯವರ ಕೆಮ್ಮು, ಜಗಳ, ನಗು ಎಲ್ಲ ಕೇಳಿಸುತ್ತದೆ. ಕೇಳಿಸಿತು ಎಂದು ಅವರೂ ಗೋಡೆ ತಟ್ಟಿ ಹೇಳುತ್ತಾರೆ. ಜಗಳ ಜೋರಾದರೆ ಬಂದು ನಡುವೆ ಕೂರುತ್ತಾರೆ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಹಾಗಾಗಿ ಯಾರೂ ಇಲ್ಲವೆಂದು ಹೊಸಬ ತಿಳಿಯುತ್ತಾನೆ. ಎಲ್ಲರೂ ಕೇಳಿಸಿಕೊಂಡಿರುತ್ತಾರೆ, ಹೇಳುವುದು ಮಾತ್ರ ಅಪರೂಪ. ಶೀನಣ್ಣ ಹೇಳಿಬಿಟ್ಟದ್ದು ನನಗೆ ಸಿಕ್ಕ ಮೊದಲ ಮತ್ತು ಕೊನೆಯ ಎಚ್ಚರಿಕೆ. ಅದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಇವತ್ತು ಊರಿನ ನಿಮಗೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಕೇಳಿಸಿಕೊಳ್ಳುವುದೇ ನನ್ನ ಕಸುಬಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನೆಂದು ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯಲು ಕರೆದಿದ್ದರು. ವರ್ಷದೊಳಗೆ ಆವಿಗೆಯಿಂದ ಇಳಿದ ಹಂಚು ವಿಂಗಡಿಸುವ ಜಾಗದಲ್ಲಿ ಕೂರಿಸಿದರು. ಪ್ರತಿ ಹಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಬೇಕು. ಗಟ್ಟಿ ಹಂಚು ಕಂಚಿನ ಹಾಗೆ ದನಿ ಕೊಡುತ್ತದೆ. ಕೂದಲೆಳೆಯ ಬಿರುಕಿದ್ದರೂ ದನಿ ಸತ್ತಿರುತ್ತದೆ. ಕಣ್ಣಿಗೆ ಕಾಣದ ಒಡಕನ್ನು ನಾನು ಕಿವಿಯಿಂದ ಹಿಡಿಯುತ್ತಿದ್ದೆ, ಆ ಬಗ್ಗೆ ನನಗೆ ಜಂಬವೂ ಇತ್ತು.

ಹೆಂಡತಿ ನೀಲವ್ವ ಮತ್ತು ಇಬ್ಬರು ಹೆಣ್ಣುಮಕ್ಕಳು ನನ್ನೊಂದಿಗೆ ಬಂದಿದ್ದರು. ಗಿರಿಜಾಗೆ ಒಂಬತ್ತು, ಸುಮಾಗೆ ಆರು ವರ್ಷ. ಬಿಡಾರ ಕೊಟ್ಟವರು ಸುಶೀಲಮ್ಮ ಎಂಬ ಗದ್ದೆ, ತೋಟ ಇದ್ದ ಮನೆಯ ಯಜಮಾನತಿ. ಅವರ ಅಣ್ಣನಿಗೆ ಬೊಂಬಾಯಿಯಲ್ಲಿ ಹೋಟೆಲು. ಮೊದಮೊದಲು ಕೆಂಪು ಕುಚ್ಚಲಕ್ಕಿಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೀನಿನ ವಾಸನೆಗೆ ಸುಮಾ ಮೂಗು ಮುಚ್ಚಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಕನ್ನಡವೇ ಆಡುತ್ತಿದ್ದರೂ ಅವರ ಮಾತು ನನ್ನ ಕಿವಿಯ ಪಕ್ಕದಿಂದ ಹಾರಿ ಹೋಗುತ್ತಿತ್ತು. ಬತ್ತೆ ಎಂದರೆ ಬರುತ್ತೇನೆ, ಹೋಯ್ಕ್ ಎಂದರೆ ಹೋಗಬೇಕು. ನಾನು ಒಂದು ಮಾತು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವರು ನಾಲ್ಕು ಆಡಿ ಮುಗಿಸಿರುತ್ತಿದ್ದರು.

ನಮ್ಮೊಳಗೆ ಮೊದಲು ಗೆದ್ದವಳು ನೀಲವ್ವ. ಅವಳು ರೊಟ್ಟಿ ಬಡಿಯುವ ಸದ್ದು ಕೇಳಿ ಸುಶೀಲಮ್ಮ ಒಂದು ದಿನ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಎಂತ ಮಾರಾಯ್ತಿ, ದಿನಾ ಬೆಳಿಗ್ಗೆ ಯಾರಿಗ್ ಹೊಡಿತೆ? ಗಂಡ ಹೊರಗೇ ಕೂಕಂಡಿದ್ದ." ನೀಲವ್ವ ನಕ್ಕು ರೊಟ್ಟಿ ಕೊಟ್ಟಳು. ಆಮೇಲೆ ರೊಟ್ಟಿ ಆ ಕಡೆ, ಬಂಗುಡೆ ಮೀನಿನ ಸಾರು ಈ ಕಡೆ. ಹೂ ಕಟ್ಟಲು, ಹಪ್ಪಳ ಲಟ್ಟಿಸಲು ಹೆಂಗಸರು ಅವಳನ್ನು ಕರೆಯತೊಡಗಿದರು. ನಾನು ಇನ್ನೂ ಹೊರಗಿನವನಾಗಿದ್ದಾಗಲೇ ಅವಳು ಆ ಅಂಗಳದವಳಾಗಿದ್ದಳು.

ಮಕ್ಕಳಂತೂ ಆರು ತಿಂಗಳಲ್ಲಿ ಈ ಊರಿನವರೇ ಆದರು. "ಅಪ್ಪ, ಉಂಬುಕೆ ಬನ್ನಿ" ಎಂದು ಗಿರಿಜಾ ಈ ಊರಿನ ಮಾತಿನಲ್ಲೇ ಊಟಕ್ಕೆ ಕರೆದ ದಿನ ಮಕ್ಕಳು ನನ್ನಿಂದ ಜಾರುತ್ತಿದ್ದಾರೆ ಎಂದು ಹೆದರಿದೆ. ಅದಕ್ಕೆ ಮಾಸ್ತರನ ಕ್ಯಾಸೆಟ್ ಹಿಡಿದೆ.

ಮಾಸ್ತರ ನಮ್ಮ ಸೀಮೆಯ ಹಾರ್ಮೋನಿಯಂ ಹಾಡುಗಾರ. ನಿಮಗೆ ಹೆಸರು ಹೇಳಬೇಕಿಲ್ಲ. ಅವನ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ತತ್ವಪದ, ಇನ್ನೊಂದು ಮಗ್ಗುಲಿಗೆ ಚೇಷ್ಟೆ ಪದ. ತತ್ವಪದಕ್ಕೆ ಮಕ್ಕಳು ಆಕಳಿಸುತ್ತಿದ್ದರು. ಮಗ್ಗುಲು ಬದಲಿಸಿದರೆ ಎದ್ದು ಕೂರುತ್ತಿದ್ದರು. ಅವರಿಗೆ ಬಹಳ ಸೇರಿದ್ದು ಬೆಕ್ಕಿನ ಪದ. ಮದುವೆಯ ಮರುದಿನ ಅತ್ತಿಗೆ ಮದುಮಗಳನ್ನು ಕೇಳುತ್ತಾಳೆ: "ಕೈಯಾನ ಬಳಿ ಯಾಕ ಒಡದಾವ ತಂಗಿ?" ಮದುಮಗಳು ಅನ್ನುತ್ತಾಳೆ: "ಬೆಕ್ಕ ಹಾರಿತ್ತ ಎವ್ವ, ಬೆಕ್ಕ ಹಾರಿತ್ತ." ಕುಂಕುಮ ಕೆಟ್ಟದ್ದು, ಮಂಚದ ಕಾಲು ಮುರಿದದ್ದು, ಎಲ್ಲದಕ್ಕೂ ಬೆಕ್ಕು. ಕೊನೆಯ ನುಡಿಯಲ್ಲಿ ಮಾತ್ರ ಅವಳು ನಿಜ ಒಪ್ಪಿಕೊಳ್ಳುತ್ತಾಳೆ. ಮಕ್ಕಳಿಗೆ ಅದು ತುಂಟ ಬೆಕ್ಕಿನ ಕಥೆ. ಗಿರಿಜಾ ಹಾಡುವಳು, ಸುಮಾ ಎರಡು ಹಂಚಿನ ಚೂರು ಹಿಡಿದು ತಾಳ ಹಾಕುವಳು, ನಾನು ಒಂದೊಂದು ನುಡಿಯನ್ನೂ ಬಿಡಿಸಿ ಹೇಳಿಕೊಡುವೆ. ಕಿಟಕಿ ಮುಚ್ಚಿರುತ್ತಿದ್ದೆ.

ನೀಲವ್ವ ಮಾತ್ರ ಒಪ್ಪಲಿಲ್ಲ. "ಊರಾಗಾದ್ರ ಸರಿ. ಇಲ್ಲಿ ಬ್ಯಾಡ್ರಿ. ಇವರ ನಗೂದs ಬ್ಯಾರೆ."

"ಹಾಡಿದ್ರ ಬಾಯಿ ಸುಡತೈತೇನು?" ಎಂದೆ.

"ಬಾಯಿ ಯಾರದ ಸುಡತೈತೋ ನೋಡೋಣಂತ" ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು.

ಮೂರು ವರ್ಷ ಕಳೆಯಿತು. ಸುಶೀಲಮ್ಮನ ಮಗಳಿಗೆ ಬ್ರಹ್ಮಾವರದ ಕಡೆ ಸಂಬಂಧ ಕೂಡಿತು. ಮದುವೆಯ ಹಿಂದಿನ ಸಂಜೆ ಮದರಂಗಿ. ಮದುಮಗಳ ಕೈಗೆ ಬಣ್ಣ ಇಡುವ ಶಾಸ್ತ್ರ. ಅಂಗಳಕ್ಕೆ ಚಪ್ಪರ, ಮರಕ್ಕೆ ಕಟ್ಟಿದ ಧ್ವನಿವರ್ಧಕ. ಬೊಂಬಾಯಿಯ ಅಣ್ಣ ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ನೀಲವ್ವ ಹೂವಿನ ಹರಿವಾಣ ಹಿಡಿದು ಹೆಂಗಸರ ನಡುವೆ ಓಡಾಡುತ್ತಿದ್ದಳು. ಯಾರೋ ಅಂದರು, "ಗಿರಿಜನ ಸ್ವರ ಲಾಯ್ಕ್ ಇತ್ತ್, ಒಂದ್ ಪದ್ಯ ಹೇಳ್ಸಿ."

ಗಿರಿಜಾ ಮೈಕಿನ ಮುಂದೆ ನಿಂತು ನನ್ನ ಮುಖ ನೋಡಿದಳು. ಯಾವುದು ಎಂದು ಕಣ್ಣಲ್ಲೇ ಕೇಳಿದಳು. ನಮ್ಮ ಕಡೆ ಮದುವೆ ಮನೆಯಲ್ಲಿ ಬೀಗರನ್ನು ಕೆಣಕುವ ಇಂಥ ಪದ ಹಾಡದಿದ್ದರೆ ಮುದುಕಿಯರೇ ಬೇಸರಪಡುತ್ತಾರೆ, ಒಣ ಮದುವೆ ಎನ್ನುತ್ತಾರೆ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹಾಡುತ್ತಾರೆ. ಇಲ್ಲಿಯೂ ಯಕ್ಷಗಾನದ ಹಾಸ್ಯಗಾರ ಇದಕ್ಕಿಂತ ಬಿಸಿಯಾದ ಮಾತಾಡಿದ್ದನ್ನು, ಇದೇ ಜನ ಹೊಟ್ಟೆ ಹಿಡಿದು ನಕ್ಕದ್ದನ್ನು ಕಂಡಿದ್ದೆ. ಆ ಸಲುಗೆ ಬಣ್ಣ ಹಚ್ಚಿ ವೇಷ ಕಟ್ಟಿದವನಿಗೆ ಮಾತ್ರ ಎಂಬುದು ನನಗೆ ಹೊಳೆದಿರಲಿಲ್ಲ. ನಾನು ಎರಡು ಬೆರಳು ಕಿವಿಯ ಬಳಿ ಎತ್ತಿ ಬೆಕ್ಕಿನ ಸನ್ನೆ ಮಾಡಿದೆ.

ಮೊದಲ ನುಡಿಗೆ ನಕ್ಕರು. ಎರಡನೆಯದಕ್ಕೆ ಹುಡುಗಿಯರು ಮುಖ ತಗ್ಗಿಸಿದರು. ಮೂರನೆಯ ನುಡಿ ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಗಿರಿಜಾಳ ದನಿ ಬಿಟ್ಟು ಬೇರೆ ಸದ್ದಿರಲಿಲ್ಲ. ಆ ದನಿ ಗದ್ದೆಯ ಮೇಲಿಂದ ಕಾಣದ ಮನೆಗಳಿಗೆಲ್ಲ ಹೋಗುತ್ತಿತ್ತು. ಯಾರೋ ವೈರು ಎಳೆದರು. ಪದ ಅರ್ಧಕ್ಕೆ ನಿಂತಿತು.

ಬೊಂಬಾಯಿಯ ಅಣ್ಣ ದನಿ ಏರಿಸಲಿಲ್ಲ. "ಈ ಪದ್ಯ ನಿಂಗೆ ಯಾರ್ ಹೇಳ್ಕೊಟ್ಟದ್ದ್ ಹೆಣೆ?" ಎಂದು ಮೆಲ್ಲಗೆ ಕೇಳಿದರು.

ಗಿರಿಜಾ ನನ್ನನ್ನು ನೋಡಿದಳು. ಕಾರ್ಖಾನೆಯ ಯಜಮಾನರೂ ಅಲ್ಲೇ ಕೂತಿದ್ದರು. ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ: "ಅವರವ್ವ ಕಲಿಸ್ಯಾಳ್ರಿ. ಆಕಿ ತವರಿನ ಹೆಂಗಸರು ಹಿಂಥಾವ ಹಾಡತಾರ. ನನಗ ಗೊತ್ತಿರಲಿಲ್ಲ."

ಎಲ್ಲರೂ ನೀಲವ್ವನ ಕಡೆ ತಿರುಗಿದರು. ಅವಳು ಹರಿವಾಣವನ್ನು ಸದ್ದಾಗದ ಹಾಗೆ ಕೆಳಗಿಟ್ಟಳು. "ಹೌದ್ರಿ. ನಾನs ಕಲಿಸೀನಿ. ತಪ್ಪಾತು" ಎಂದಳು. ಮಕ್ಕಳ ಕೈ ಹಿಡಿದು ಬಿಡಾರಕ್ಕೆ ನಡೆದಳು. ನಾನು ಊಟ ಮುಗಿಸಿ ಹೋದೆ. ಹೌದು, ಪಂಕ್ತಿಯಲ್ಲಿ ಕೂತು ಪಾಯಸ ಕೂಡ ಉಂಡೆ.

ಯಾರೂ ಬೈಯಲಿಲ್ಲ, ಬಿಡಾರ ಬಿಡಿಸಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ. ಸುಶೀಲಮ್ಮ ಎದುರಾದರೆ "ಉಂಡ್ರ್ಯಾ?" ಎನ್ನುತ್ತಿದ್ದರು, ಮೊದಲಿನ ಹಾಗೆಯೇ. ಆದರೆ ನೀಲವ್ವ ಆ ಅಂಗಳಕ್ಕೆ ಹೋಗುವುದು ನಿಂತಿತು. ರೊಟ್ಟಿ ನಮಗಷ್ಟೇ ಬಡಿದಳು, ಅದೂ ಮೆಲ್ಲಗೆ. ಅವರು ಅವಳನ್ನು ದೂರ ಇಟ್ಟರೆಂದು ನಾನು ತಿಳಿದೆ. ನನ್ನಿಂದ ಹಾಗಾಯಿತೆಂದು ಅವಳ ಮುಂದೆ ಒಮ್ಮೆಯೂ ಹೇಳಲಿಲ್ಲ. ನಾಳೆ, ನಾಳೆ ಎಂದು ಹದಿನೈದು ವರ್ಷ ಹೋಯಿತು. ಒಂದು ಮಳೆಗಾಲ ಜ್ವರ ಬಂದು ಅವಳೂ ಹೋದಳು.

ಗಿರಿಜಾ ಆಮೇಲೆ ಹಾಡಲಿಲ್ಲ. ನನ್ನೊಂದಿಗೆ ಮಾತು ಬಿಡಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಆ ದನಿಯಲ್ಲಿ ಏನು ಸತ್ತಿದೆಯೆಂದು ಕೇಳಿಸದಷ್ಟು ಕಿವುಡ ನಾನಾಗಿರಲಿಲ್ಲ. ಒಡಕು ಹಂಚನ್ನು ದಿನವೂ ಬದಿಗಿಟ್ಟವನು ಇದನ್ನೂ ಹಾಗೆಯೇ ಬದಿಗಿಟ್ಟೆ.

ಈಗ ಕಾರ್ಖಾನೆ ಮುಚ್ಚಿದೆ. ಸುಮಾ ಗಂಡನ ಜೊತೆ ಬ್ರಹ್ಮಾವರದಲ್ಲಿದ್ದಾಳೆ. ನಾನು ಯಡ್ತರೆಯಲ್ಲಿ ಗಿರಿಜಾಳ ಮನೆಯಲ್ಲಿದ್ದೇನೆ. ಕುಚ್ಚಲಕ್ಕಿ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಊರಿಗೆ ಬಂದರೆ ನೀವೇ ನನ್ನ ಮಾತು ಕೇಳಿ ನಗುತ್ತೀರಿ. ಹೀಗೇ ಮುಗಿಯುತ್ತದೆ ಅಂದುಕೊಂಡಿದ್ದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಗಿರಿಜಾಳ ಮಗಳು ಧನ್ಯಾ ಫೋನ್ ಹಿಡಿದು ಬಂದಳು. ಮಾಸ್ತರನ ಹಾಡುಗಳೆಲ್ಲ ಈಗ ಫೋನಿನಲ್ಲಿವೆಯಂತೆ. "ಅಜ್ಜ, ಈ ಬೆಕ್ಕಿನ ಪದ್ಯ ನಿಮ್ಗೆ ಬತ್ತಾ? ಸಮಾ ತಮಾಷಿ ಇತ್ತ್. ನಂಗೂ ಹೇಳ್ಕೊಡಿ."

ಹಾರ್ಮೋನಿಯಂ ಶುರುವಾಯಿತು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು. ಗಿರಿಜಾ ಬಾಗಿಲಲ್ಲಿ ಬಂದು ನಿಂತಳು. ಅವಳು ನನ್ನನ್ನು ನೋಡಿದ ರೀತಿ ಮೈಕಿನ ಮುಂದೆ ನಿಂತಿದ್ದ ಹನ್ನೆರಡು ವರ್ಷದ ಹುಡುಗಿಯದೇ. ಈ ಸಲವೂ ಮಾತು ನನ್ನದೇ ಆಗಿತ್ತು.

"ನಿನ್ನ ಅಮ್ಮನಿಗೆ ಇದನ್ನು ಕಲಿಸಿದ್ದು ನಾನೇ" ಎಂದೆ ಮಗುವಿಗೆ. "ಕೇಳಿದಾಗ ನಿನ್ನ ಅಜ್ಜಿಯ ಮೇಲೆ ಹಾಕಿದೆ."

ಗಿರಿಜಾ ಕೈಗಂಟಿದ ಕಾಯಿತುರಿ ಕೊಡವಿ, "ಇಲ್ಲ್ ಹೇಳಿರೆ ಎಂತ ಆತ್ತ್? ಆ ಸುಳ್ಳ್ ಕೇಂಡದ್ದ್ ಇಲ್ಲಿಯವ್ರಲ್ಲ" ಎಂದಳು. "ಸುಶೀಲಮ್ಮ ಇನ್ನೂ ಇದ್ರ್. ಅಲ್ಲ್ ಹೋಯ್ಕ್ ನೀವ್."

ಮರುದಿನ ಬಸ್ ಹತ್ತಿದೆ. ಹೆದ್ದಾರಿ ಅಗಲವಾಗಿ, ಹೆಮ್ಮಾಡಿಯಲ್ಲಿ ನನ್ನ ಗುರುತಿನದು ಏನೂ ಉಳಿದಿಲ್ಲ. ಆ ಅಂಗಳ ಮಾತ್ರ ಹಾಗೆಯೇ ಇತ್ತು. ಸುಶೀಲಮ್ಮನಿಗೆ ಕಣ್ಣು ಮಂಜಾಗಿದೆ. ನನ್ನ ಕೆಮ್ಮು ಕೇಳಿಯೇ ಗುರುತು ಹಿಡಿದರು. "ಹಂಚಿನ ಮೇಸ್ತ್ರಿ ಅಲ್ದಾ? ಕೂಕಣಿ." ನಾನು ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತ್" ಎಂದರು.

"ಯಾವಾಗಿನಿಂದ?"

"ಮೊದ್ಲಿಂದ. ಹಂಚಿನ ಮಾಡ್ ಮಾರಾಯ್ರೆ, ಕಿಟ್ಕಿ ಹಾಕಂಡ್ರೆ ಎಂತ ಆತ್ತ್? ಸಂದಿಂದ ಎಲ್ಲ ಕೇಂತಿತ್ತ್. ದಿನಾ ಸಂಜಿಗೆ ನಿಮ್ಮ ಸ್ವರವೇ. ನೀಲವ್ವ ಒಂದ್ ದಿನವೂ ಹಾಡಿದ್ದ್ ನಾವ್ ಕೇಂಡಿಲ್ಲ."

ಇಡೀ ಬದುಕು ಹಂಚು ತಟ್ಟಿದವನಿಗೆ ತನ್ನ ತಲೆಯ ಮೇಲಿನ ಹಂಚಿನ ಮಾಡಿನ ಸಂದಿ ನೆನಪಾಗಿರಲಿಲ್ಲ. ಆ ಸಂಜೆ ನಾನು ಸುಳ್ಳು ಹೇಳುತ್ತಿದ್ದಾಗ ಅಂಗಳದಲ್ಲಿದ್ದ ಊರಿನ ಪ್ರತಿಯೊಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ನನಗೆ ಪಾಯಸ ಬಡಿಸಿದವನಿಗೂ ಗೊತ್ತಿತ್ತು.

"ಹಾಗಾದರೆ ಅವಳನ್ನು ಯಾಕೆ ದೂರ ಇಟ್ಟಿರಿ?"

"ನಾವಾ?" ಅವರು ಮೊದಲ ಸಲ ಮುಖ ಎತ್ತಿದರು. "ಎಷ್ಟ್ ಸಲ ಕರ್ದಿತ್ ಗೊತ್ತಿತ್ತಾ? ಅವ್ಳೇ ಬರ್ಲಿಲ್ಲ. ಬಂದ್ರೆ ನಿಮ್ಮ ಸುಳ್ಳ್ ಹೊತ್ಕಂಡ್ ನಮ್ಮ ಮಧ್ಯ ಕೂಕಣ್ಕ್ ಅಲ್ದಾ? ಮರ್ದಿನ ಒಂದ್ ಸಲ, ಬಿಟ್ಟ್ ಹೋದ ಹರಿವಾಣ ತೊಳ್ದ್ ಇಡುಕೆ ಬಂದಳ್. ಅಣ್ಣ ನಿಮ್ಮನ್ನ್ ಕರ್ದ್ ಕೇಣ್ತೆ ಅಂದ. ಅವ್ಳ್ ಕಾಲ್ ಹಿಡ್ಕಂಡಳ್. ಗೊತ್ತಿತ್ತ್ ಅಂದ್ರೆ ಅವ್ರ್ ನಾಚ್ಕಿಗೆ ಊರ್ ಬಿಡ್ತ್ರ್, ಮಕ್ಕಳ ಶಾಲಿ ಹಾಳಾತ್ತ್, ಯಾರೂ ಹೇಳ್ಬೇಡಿ ಅಂದಳ್. ನಾವ್ ಹೇಳ್ಲಿಲ್ಲ."

ಇಷ್ಟು ವರ್ಷ ಇಲ್ಲಿ ನೆಲೆ ನಿಂತೆ, ಈ ಊರು ನನ್ನನ್ನು ಒಪ್ಪಿತು ಎಂದು ನಿಮಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಒಪ್ಪಿರಲಿಲ್ಲ. ನೀಲವ್ವನಿಗೆ ಕೊಟ್ಟ ಮಾತಿಗಾಗಿ ಸುಮ್ಮನಿತ್ತು, ಅಷ್ಟೇ. ಊರಿಗೆ ಬಂದು ನಿಮಗೆ ಹೇಳಿದರೆ ಒಂದು ಪದದಲ್ಲೇನು ತಪ್ಪು ಎಂದು ನೀವು ನಗಬಹುದು. ಪದದಲ್ಲಿ ತಪ್ಪಿರಲಿಲ್ಲ ಎಂದು ಇಲ್ಲಿಯವರೂ ಅನ್ನುತ್ತಾರೆ. ಹಾಗಾಗಿ ಅಡಗಿಕೊಳ್ಳಲು ನನಗೆ ಅಲ್ಲಿಯೂ ಜಾಗವಿಲ್ಲ, ಇಲ್ಲಿಯೂ ಇಲ್ಲ.

ಸಂಜೆ ಯಡ್ತರೆಗೆ ಮರಳಿ ಗಿರಿಜಾಗೆ ಕೇಳಿದ್ದನ್ನೆಲ್ಲ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಧನ್ಯಾಳ ಕೈಯಿಂದ ಫೋನ್ ತೆಗೆದುಕೊಂಡು ಆ ಪದ ಹಾಕಿ, ಮೂರನೆಯ ನುಡಿ ಮುಗಿಯುತ್ತಲೇ ನಿಲ್ಲಿಸಿದಳು.

"ಇಲ್ಲಿವರೆಗೆ ನಾನ್ ಹೇಳಿದ್ದೆ" ಎಂದಳು. "ಮುಂದಿಂದ್ ನೀವ್ ಹೇಳಿ. ಕಿಟ್ಕಿ ಹಾಕ್ಬೇಡಿ."

ಉಳಿದದ್ದು ಕೊನೆಯ ನುಡಿ. ಬೆಕ್ಕು ಅಲ್ಲ ಎಂದು ಮದುಮಗಳು ಒಪ್ಪಿಕೊಳ್ಳುವ ನುಡಿ. ಹೊರಗೆ ಬಯಲು, ಅದರಾಚೆ ಮರಗಳ ಸಾಲು. ಒಂದು ಮನೆಯೂ ಕಾಣುತ್ತಿರಲಿಲ್ಲ. ಮೊದಲ ಶಬ್ದ ಹೊರಟಿತು, ಎರಡನೆಯದು ಹೊರಡಲಿಲ್ಲ. ಮಗಳೂ ಮೊಮ್ಮಗಳೂ ಕಾಯುತ್ತಾ ಕೂತಿದ್ದರು.

ನಾಳೆ ಹಾಲು ತರಲು ಹೋದಾಗ ಅಂಗಡಿಯವನು ಕೇಳಬಹುದು, ನಿನ್ನೆ ನಿಮ್ಮಲ್ಲಿ ಪದ್ಯ ಅರ್ಧಕ್ಕೇ ನಿಂತಿತಲ್ಲ ಎಂದು. ಕೇಳದೆಯೂ ಇರಬಹುದು. ಕೇಳದಿದ್ದರೆ ಅದರ ಅರ್ಥವೇನೆಂದು ನನಗೆ ಈಗ ಗೊತ್ತು.