ಅಖಾಡದಿಂದ ನಡೆಸಿ ತಂದವನು

ನಲ್ಲೂರಿನ ಉಚ್ಚಂಗೆಪ್ಪ ಅಕ್ಕಿ ಗಿರಣಿಯ ಹಮಾಲ. ಕ್ವಿಂಟಲ್ ಚೀಲವನ್ನು ಒಬ್ಬನೇ ಬೆನ್ನಿಗೇರಿಸುವ ಆಳು. ಕುಸ್ತಿಗಿಳಿದರೆ ಮಾತ್ರ ಮನುಷ್ಯ ಮನುಷ್ಯನಾಗಿ ಉಳಿಯುತ್ತಿರಲಿಲ್ಲ. ಎದುರಾಳಿಯ ಕಿವಿ ಹರಿದದ್ದುಂಟು, ಪಕ್ಕೆಲುಬು ಮುರಿದದ್ದುಂಟು. ಜನ ಅದನ್ನೇ ನೋಡಲು ಬರುತ್ತಿದ್ದರು, ಹಾಳು ಜನ.

ಎಪ್ಪತ್ತೆಂಟರಲ್ಲಿ ಹೊನ್ನಾಳಿಯ ಕುಸ್ತಿಯಲ್ಲಿ ಅವನಿಗೆ ಜೋಡಿಯಾದವನು ನ್ಯಾಮತಿಯ ತಿಪ್ಪೇಶಪ್ಪ. ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದ ಗೆಳೆಯರು. ಅಖಾಡಕ್ಕೆ ಬಂದ ಮೇಲೆ ಗೆಳೆತನ ಎಲ್ಲಿಯದು? ತಿಪ್ಪೇಶಪ್ಪ ಹಣೆಯಿಂದ ಗುದ್ದಿ ಇವನ ಹುಬ್ಬು ಒಡೆದ. ಕಣ್ಣಿಗೆ ರಕ್ತ ಇಳಿದದ್ದೇ ತಡ, ಉಚ್ಚಂಗೆಪ್ಪನಿಗೆ ಪಿತ್ತ ನೆತ್ತಿಗೇರಿತು. ಸೊಂಟಕ್ಕೆ ಕೈ ಹಾಕಿ ಎತ್ತಿದವನೇ ತಲೆಕೆಳಗಾಗಿ ಕುಕ್ಕಿದ. ಲಟಕ್ಕೆಂದು ಕತ್ತು ಮುರಿದದ್ದು ಅವನಿಗೇ ಕೇಳಿಸಿತು.

ತಿಪ್ಪೇಶಪ್ಪ ಬಿದ್ದಲ್ಲೇ ಹಿಮ್ಮಡಿಯಿಂದ ಮಣ್ಣು ಕೆರೆಯುತ್ತಿದ್ದ. "ಕತ್ತು ಉರೀತೈತಲೇ," ಎಂದ. ಬಿದ್ದ ಪೈಲ್ವಾನನನ್ನು ಹೊತ್ತುಕೊಂಡು ಹೋದರೆ ಹೆಣ ಹೊತ್ತಂತೆ ಎಂಬುದು ಆ ಗರಡಿಯವರ ಕಟ್ಟಳೆ. ಏನೇ ಮುರಿದಿರಲಿ, ಅಖಾಡದಿಂದ ಕಾಲ ಮೇಲೆಯೇ ಹೊರಬೀಳಬೇಕು. ಗೆಳೆಯನ ಮಾನ ಉಳಿಯಲೆಂದು ಉಚ್ಚಂಗೆಪ್ಪನೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಕುಲುಕಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸಿದ. ಐದನೆಯ ಹೆಜ್ಜೆಗೆ ಕಾಲು ಬರಲಿಲ್ಲ. ಕೈಗಳೂ ಜೋತುಬಿದ್ದವು. ಜನ ಶಿಳ್ಳೆ ಹೊಡೆಯುತ್ತಲೇ ಇದ್ದರು.

ಅಂದಿನಿಂದ ತಿಪ್ಪೇಶಪ್ಪನಿಗೆ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹಾಸಿಗೆ. ಉಚ್ಚಂಗೆಪ್ಪ ವಾರವಾರ ನ್ಯಾಮತಿಗೆ ಹೋಗಿ ಅವನ ಕೈಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ತಿಪ್ಪೇಶಪ್ಪನ ಹೆಂಡತಿ ಭೀಮಕ್ಕ ಒಂದು ದಿನವೂ ಬೈದವಳಲ್ಲ. "ಕುಸ್ತಿ ಅಂದಮ್ಯಾಲೆ ಒಬ್ರು ಬೀಳಾದೇ. ನಿಂದೇನೈತಣ್ಣ ತಪ್ಪು," ಎಂದು ಚಹಾ ಕೊಡುತ್ತಿದ್ದಳು.

ಮೂರನೆಯ ತಿಂಗಳು ಅಂಗಾಲು ತಿಕ್ಕುತ್ತಿರುವಾಗ ಆ ಸತ್ತ ಕಾಲು ಎದ್ದು ಅವನ ಎದೆಗೆ ಒದೆಯಿತು. ಮತ್ತೆ ಮುಟ್ಟಿದರೆ ಮತ್ತೆ ಒದೆ. ಭೀಮಕ್ಕ ದೇವರಿಗೆ ದೀಪ ಹಚ್ಚಿ ಅತ್ತುಬಿಟ್ಟಳು. ಉಚ್ಚಂಗೆಪ್ಪ ಕುಣಿಯುತ್ತ, ತಿಪ್ಪೇಶಪ್ಪನಿಗೆ ಚಿಕಿತ್ಸೆ ಮಾಡಿದ್ದ ದಾವಣಗೆರೆಯ ಡಾಕ್ಟರ ಬಳಿಗೆ ಓಡಿದ.

"ಅವನು ಒದ್ದಿಲ್ಲಪ್ಪ," ಎಂದರು ಡಾಕ್ಟರು. "ಅಂಗಾಲು ಮುಟ್ಟಿದ ಸುದ್ದಿ ಬೆನ್ನುಹುರಿಗೆ ಹೋಗುತ್ತೆ. ಹುಕುಂ ಅಲ್ಲಿಂದಲೇ ಮಾಂಸಖಂಡಕ್ಕೆ ವಾಪಸ್ ಬರುತ್ತೆ. ತಲೆಗೆ ಗೊತ್ತೇ ಆಗೋದಿಲ್ಲ. ತಲೆಯಿಂದ ಇಳಿಯೋ ದಾರಿ ಕತ್ತಲ್ಲೇ ತುಂಡಾಗಿದೆ. ಕಾಲಲ್ಲಿ ಕಸುವಿದೆ, ನಡಿ ಅಂತ ಹೇಳೋರಿಲ್ಲ." ಆಮೇಲೆ ಕೇಳಿದರು, "ಬಿದ್ದ ಕೂಡಲೇ ಕಾಲು ಆಡ್ತಿತ್ತಾ?"

"ಆಡ್ತಿತ್ತು ಸಾರ್. ಮಣ್ಣು ಕೆರೀತಿದ್ದ. ಎಬ್ಬಿಸಿ ನಡೆಸಿದೆ."

"ನೀನು ಕುಕ್ಕಿದಾಗ ಮೂಳೆ ಮುರೀತು, ಹುರಿ ಉಳಿದಿತ್ತು. ಎಬ್ಬಿಸಿ ಕುಲುಕಿದಾಗ ಮುರಿದ ಮೂಳೆ ಅದನ್ನ ಕೊಯ್ದಿದೆ. ಮಲಗಿಸಿಯೇ ತಂದಿದ್ದರೆ ಇವತ್ತು ನಡೀತಿದ್ದನೋ ಏನೋ."

ಬಸ್ಸಿನುದ್ದಕ್ಕೂ ಉಚ್ಚಂಗೆಪ್ಪ ಒದ್ದಾಡಿದ. ಹೇಳದಿದ್ದರೆ ಚಹಾ ಸಿಗುತ್ತದೆ, ಅಣ್ಣ ಎನ್ನಿಸಿಕೊಳ್ಳಬಹುದು. ಹೇಳಿದರೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಆದರೆ ಒಳಗೆ ಕಾಲಿಟ್ಟಾಗ ಭೀಮಕ್ಕ ಗಂಡನ ಹೊಸ ಚಪ್ಪಲಿ ತಂದು ಮಂಚದ ಬಳಿ ಇಟ್ಟಿದ್ದಳು. ಅವನು ಒಂದೂ ಬಿಡದೆ ಹೇಳಿಬಿಟ್ಟ.

ಭೀಮಕ್ಕ ಮೂಲೆಯ ಒನಕೆ ತಗೊಂಡಳು. ಮೊದಲ ಏಟಿಗೆ ಅವನ ಕೈ ತಾನಾಗಿ ಅಡ್ಡ ಎದ್ದಿತು. ಅದನ್ನು ಬಲವಂತವಾಗಿ ಕೆಳಗಿಳಿಸಿ ನಿಂತ. ಎರಡನೆಯದು ಭುಜಕ್ಕೆ, ಮೂರನೆಯದಕ್ಕೆ ಹೆಗಲ ಮೂಳೆ ಮುರಿಯಿತು. ನೆಲಕ್ಕೆ ಕುಸಿದ. ಆಗ ಅವಳು ಒನಕೆ ಇಳಿಸಿದಳು.

ಹಾಸಿಗೆಯಿಂದ ತಿಪ್ಪೇಶಪ್ಪ ಕೂಗಿದ. "ನಿಲ್ಲಿಸಬ್ಯಾಡ ಕಣೇ. ನನ್ನ ಪಾಲಿಂದೂ ಒಂದು ಹಾಕು. ನನ್ನ ಕೈ ಏಳಂಗಿಲ್ಲ."

ಭೀಮಕ್ಕ ಹಾಕಿದಳು.